ಸೊಟ್ಟ ಬೆನ್ನಿನ ಮೀನೂ ಹೊಳೆಯ ನೀರೂ

ಪ್ರಶ್ನೆ: ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಿಡಿದ ಮೀನುಗಳಲ್ಲಿ ಕೆಲವಕ್ಕೆ ಬೆನ್ನೆಲುಬು ಸೊಟ್ಟಗಿರುವುದನ್ನು ನೋಡಿದ್ದೇನೆ. ಕೊಳಕು ನೀರು ಮೀನಿನ ವಂಶವಾಹಿಗಳನ್ನೇ ಕೆಡಿಸುತ್ತದೆ ಎನ್ನುವುದು ನಿಜವೇ? ಆ ಕೇಡು ಮರಿಗಳಿಗೂ ದಾಟುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅನುಮಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್‌ತೊಂಬ ಅವರಿಗೂ ಬಂದಿತ್ತು. ಅದೇ ಹಿನ್ನೀರಿನ ಮೀನು ತಿನ್ನಲು ಹೋಗುತ್ತಿದ್ದ ಅವರು, ಕೆಲವು ಮೀನುಗಳ ಆಕಾರ ಕೆಟ್ಟಿರುವುದನ್ನು ಕಂಡು ನೀರನ್ನೇ ಪರೀಕ್ಷಿಸಲು ಹೊರಟರು. ನೀರು ರಭಸದಿಂದ ಹರಿಯುವ, ನಿಧಾನವಾಗಿ ಹರಿಯುವ ಮತ್ತು ನಿಂತಿರುವ ಮೂರು ಜಾಗಗಳಿಂದ ಮಾದರಿಗಳನ್ನು ತಂದು, ಅವುಗಳಲ್ಲಿ ಜೀಬ್ರಾ ಮೀನಿನ ಭ್ರೂಣಗಳನ್ನು ಇರಿಸಲಾಯಿತು. ಈ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕವಾಗಿರುವುದರಿಂದ ಹೃದಯ ಬಡಿಯುವುದೂ ಬೆನ್ನು ರೂಪುಗೊಳ್ಳುವುದೂ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತವೆ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿದ್ದ ಭ್ರೂಣಗಳಲ್ಲಿ ಮೂಳೆಯ ವಿಕಾರ, ಹೃದಯದ ತೊಂದರೆ, ಡಿಎನ್‌ಎ ಹಾನಿ, ಅವಧಿಗೆ ಮುನ್ನವೇ ಕೋಶಗಳ ಸಾವು ಕಂಡುಬಂದವು. ಸೂಕ್ಷ್ಮಾಣುಜೀವಿಗಳನ್ನು ಸೋಸಿ ತೆಗೆದ ಮೇಲೂ ತೊಂದರೆ ನಿಲ್ಲಲಿಲ್ಲ. ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಕಣಗಳೂ ವಿಷಕಾರಿ ರಾಸಾಯನಿಕಗಳೂ ಇದ್ದವು.

ಇಂತಹ ವಸ್ತುಗಳು ಕಿವಿರು, ಚರ್ಮ ಮತ್ತು ಆಹಾರದ ಮೂಲಕ ಒಳಸೇರಿದಾಗ ಕೋಶಗಳಲ್ಲಿ ಅತಿಚುರುಕಾದ ಆಮ್ಲಜನಕದ ಅಣುಗಳು ಹೆಚ್ಚಿ, ಡಿಎನ್‌ಎಯ ಎಳೆಗಳನ್ನು ಕತ್ತರಿಸುತ್ತವೆ. ಕೋಶ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ, ಆಗದಿದ್ದರೆ ಸಾಯುತ್ತದೆ. ಬೆಳೆದ ಮೀನು ಕೆಲವು ಕೋಶಗಳ ನಷ್ಟವನ್ನು ತಡೆದುಕೊಂಡೀತು. ಬೆನ್ನೆಲುಬು ಇನ್ನೂ ಮೂಡುತ್ತಿರುವ ಭ್ರೂಣಕ್ಕೆ ಅದೇ ನಷ್ಟ ದೊಡ್ಡದು.

ಆದರೆ ದೇಹದ ಕೋಶಗಳಿಗೆ ಆದ ಈ ಹಾನಿ ಆ ಮೀನಿನೊಂದಿಗೇ ಮುಗಿಯುತ್ತದೆ. ಅಂಡಾಣು ಅಥವಾ ವೀರ್ಯಾಣುವಿನ ಡಿಎನ್‌ಎ ಬದಲಾಗಿದ್ದರೆ ಮಾತ್ರ ಅದು ಮರಿಗೆ ದಾಟುತ್ತದೆ. ಆದ್ದರಿಂದ ನೀವು ಕಂಡ ಮೀನನ್ನು ವಂಶವಾಹಿ ಕೆಟ್ಟ ಮೀನು ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಸಾಕಣೆ ಕೊಳಗಳಲ್ಲಂತೂ ಆಹಾರದಲ್ಲಿ ಸಿ ಜೀವಸತ್ವ ಕಡಿಮೆಯಾದರೂ ಮೀನಿನ ಬೆನ್ನು ಸೊಟ್ಟಗಾಗುತ್ತದೆ.

ತಲೆಮಾರುಗಳಿಗೆ ದಾಟುವ ಬದಲಾವಣೆ ಬಹುಮಟ್ಟಿಗೆ ಬೇರೆ ದಾರಿಯಲ್ಲಿ ಬರುತ್ತದೆ. ಅಮೆರಿಕದ ಹಡ್ಸನ್ ನದಿಗೆ ಸುಮಾರು 1947ರಿಂದ 1977ರವರೆಗೆ ಕಾರ್ಖಾನೆಗಳು ಪಿಸಿಬಿ ಎಂಬ ರಾಸಾಯನಿಕಗಳನ್ನು ಬಿಟ್ಟವು. ಅಲ್ಲಿನ ಟಾಮ್‌ಕಾಡ್ ಎಂಬ ಸಣ್ಣ ಮೀನಿನ ಒಂದು ವಂಶವಾಹಿಯಲ್ಲಿ ಆರು ಡಿಎನ್‌ಎ ಅಕ್ಷರಗಳು ಇಲ್ಲದಿರುವುದನ್ನು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆ ವಂಶವಾಹಿ ತಯಾರಿಸುವ ಪ್ರೋಟೀನಿಗೆ ಪಿಸಿಬಿ ಅಂಟಿಕೊಂಡಾಗಲೇ ವಿಷದ ಕೆಲಸ ಆರಂಭವಾಗುವುದು. ಆರು ಅಕ್ಷರ ಕಳೆದುಕೊಂಡ ವಂಶವಾಹಿಯಿಂದ ತಯಾರಾದ ಪ್ರೋಟೀನಿಗೆ ಅದು ಸರಿಯಾಗಿ ಅಂಟುವುದಿಲ್ಲ. ಈ ರೂಪ ಬೇರೆಡೆಯ ಟಾಮ್‌ಕಾಡ್‌ಗಳಲ್ಲೂ ಅಪರೂಪವಾಗಿ ಸಿಗುತ್ತದೆ. ಹಾಗಾಗಿ ಪಿಸಿಬಿ ಇದನ್ನು ಸೃಷ್ಟಿಸಿತು ಎನ್ನುವುದಕ್ಕಿಂತ, ಇದಿಲ್ಲದ ಮೀನುಗಳನ್ನು ಕೊಲ್ಲುತ್ತಾ ಇದ್ದವುಗಳ ಸಂತತಿಯನ್ನೇ ಉಳಿಸಿತು ಎನ್ನುವುದು ಸರಿ.

ಹೀಗೆ ಉಳಿದ ಟಾಮ್‌ಕಾಡ್‌ಗಳು ನೋಡಲು ಆರೋಗ್ಯವಾಗಿರುತ್ತವೆ, ಆದರೆ ಅವುಗಳ ಕೊಬ್ಬಿನಲ್ಲಿ ಪಿಸಿಬಿ ತುಂಬಿರುತ್ತದೆ. ಅವುಗಳನ್ನು ತಿನ್ನುವ ದೊಡ್ಡ ಮೀನುಗಳಿಗೂ ಅದು ಸೇರುತ್ತದೆ. ಆ ನದಿಯ ಮೇಲ್ಭಾಗದಲ್ಲಿ 1976ರಲ್ಲಿ ನಿಷೇಧಿಸಿದ್ದ ಮೀನು ಹಿಡಿಯುವಿಕೆಗೆ 1995ರಲ್ಲಿ ಮತ್ತೆ ಅನುಮತಿ ಕೊಟ್ಟಾಗಲೂ, ಹಿಡಿದ ಮೀನನ್ನು ಮನೆಗೊಯ್ಯದೆ ನೀರಿಗೇ ಬಿಡಬೇಕು ಎಂಬ ಷರತ್ತು ಹಾಕಲಾಯಿತು.