‘ಬೆಕ್ಕಿದೆಯಲ್ಲ, ಹೇಗೆ ಬರಲಿ?’

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಉದ್ಯೋಗ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಬೆಕ್ಕಿನ ಹೆಸರನ್ನೂ ಬದಲಿಸಿದ್ದೇನೆ. ಬೀದಿಯವರು ಮನೆಯವರಿಗಿಂತ ಬೆಕ್ಕನ್ನೇ ಬೇಗ ಗುರುತು ಹಿಡಿಯುತ್ತಾರೆ.)

“ನನ್ನ ಹೆಂಡತಿಗೆ ಬೆಕ್ಕಿನ ಹುಚ್ಚು ಹಿಡಿದಿದೆ ಮೇಡಂ. ಬಿಡಿಸಿಕೊಡಿ.”

ಆಪ್ತಸಮಾಲೋಚಕಿಯಾದ ನನ್ನೆದುರಿನ ಕುರ್ಚಿಯಲ್ಲಿ ಕೂತು ರಾಯರು ಆಡಿದ ಮೊದಲ ಮಾತು ಇದು. ವಯಸ್ಸು 71. ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರಿನಲ್ಲಿ ಸ್ವಂತ ಮನೆ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ದೂರುಗಳಿಗೆ ನಂಬರು ಹಾಕಿ ಬರೆದುಕೊಂಡು ಬಂದಿದ್ದರು.

ಒಂದು, ಬೆಕ್ಕು ರಾತ್ರಿ ಕಾಲ ಬಳಿ ಮಲಗುತ್ತದೆ, ಮಗ್ಗುಲು ಬದಲಿಸುವ ಹಾಗಿಲ್ಲ. ಎರಡು, ಏಕಾದಶಿಗೆ ಅನ್ನವನ್ನೂ ಮಾಡದ ಮನೆಯಲ್ಲಿ ಮೀನಿನ ವಾಸನೆಯ ಕಾಳು. ಮೂರು, ದಸರಾ ಬೊಂಬೆಯ ಮೂರನೇ ಮೆಟ್ಟಿಲ ಮೇಲೆ ಮಲಗಿ, ಎದ್ದು ಮೈಮುರಿಯುವಾಗ ಪಟ್ಟದ ಬೊಂಬೆಯನ್ನೇ ಉರುಳಿಸಿತು. ಮದುವೆಯಲ್ಲಿ ಮಾವನವರು ಕೊಟ್ಟ ಜೋಡಿ. ರಾಣಿಯ ಕಿರೀಟದ ತುದಿ ಚಕ್ಕೆ ಎದ್ದಿದೆ. ನಾಲ್ಕು, ಎರಡು ವಾರದಿಂದ ಕಂಡ ಕಂಡ ಕಡೆ ಉಚ್ಚೆ ಹೊಯ್ಯುತ್ತದೆ: ಬಚ್ಚಲಲ್ಲಿ, ಇಸ್ತ್ರಿ ಮಾಡಿಟ್ಟ ಪಂಚೆಯ ಮೇಲೆ, ಕೊನೆಗೆ ದೇವರ ಕೋಣೆಯ ಚಾಪೆಯ ಮೇಲೂ.

ಐದನೆಯದನ್ನು ಓದಲಿಲ್ಲ. ಹಾಳೆ ಮಡಿಸುತ್ತಾ ಬಾಯಲ್ಲಿ ಹೇಳಿದರು. “ಮಗಳು ಅಮೆರಿಕಕ್ಕೆ ಕರೀತಾ ಇದ್ದಾಳೆ. ಜನವರಿಗೆ ಎರಡನೇ ಹೆರಿಗೆ. ಬೆಕ್ಕನ್ನ ಬಿಟ್ಟು ಬರಲ್ಲ ಅಂತಾಳೆ ಇವಳು.”

ಪಟ್ಟಿ ಬರೆದುಕೊಂಡು ಬರುವವರ ವಿಷಯದಲ್ಲಿ ನನಗೊಂದು ಅಭ್ಯಾಸವಿದೆ. ಅವರು ಕೊನೆಗೆ ಹೇಳಿದ್ದನ್ನು ನನ್ನ ಟಿಪ್ಪಣಿಯಲ್ಲಿ ಮೊದಲು ಬರೆದುಕೊಳ್ಳುತ್ತೇನೆ.

ಮುಂದಿನ ವಾರ ಇಬ್ಬರೂ ಬಂದರು. ಶಾರದಮ್ಮನವರಿಗೆ 65. ಬೆಕ್ಕಿನ ಹೆಸರು ಗುಂಡ, ಕೇಸರಿ ಬಣ್ಣದ ಗಂಡು, ನಾಲ್ಕು ವರ್ಷ. ಮಳೆಗಾಲದ ಒಂದು ಸಂಜೆ ಮೋರಿಯ ಪಕ್ಕ ಅಂಗೈಯಷ್ಟಿದ್ದಾಗ ಸಿಕ್ಕಿದ್ದು. ಅವರ ಬಾಯಲ್ಲಿ ಗುಂಡ ‘ಅವನು’, ರಾಯರ ಬಾಯಲ್ಲಿ ‘ಅದು’.

ಮನೆಯಲ್ಲಿ ಮಾತುಕತೆ ಹೇಗೆ ಅಂತ ಕೇಳಿದೆ. ಇಬ್ಬರೂ ಸ್ವಲ್ಪ ನಾಚಿಕೊಂಡರು. ಶಾರದಮ್ಮ, “ಗುಂಡಾ, ನಿಮ್ಮಪ್ಪಂಗೆ ಹೇಳು, ಕಾಫಿ ಆರ್ತಾ ಇದೆ,” ಅನ್ನುತ್ತಾರಂತೆ. ರಾಯರು ಪೇಪರಿನ ಹಿಂದಿನಿಂದ, “ನಿಮ್ಮಮ್ಮಂಗೆ ಹೇಳು, ನಿನ್ನೇದಕ್ಕೆ ಸಕ್ಕರೆ ಜಾಸ್ತಿ ಆಗಿತ್ತು,” ಅನ್ನುತ್ತಾರಂತೆ.

“ಹಾಗಾದ್ರೆ ಅಪ್ಪ ಅನ್ನೋದನ್ನ ಒಪ್ಕೊಂಡಿದೀರಿ ಸಾರ್?”

“ನನ್ನನ್ನೇನು ಕೇಳಿ ಅಂದಿದ್ದಲ್ಲ.”

ಇಬ್ಬರ ನಡುವೆ ಒಂದು ಮಗುವನ್ನೋ ಅತ್ತೆಯನ್ನೋ ನಿಲ್ಲಿಸಿಕೊಂಡು ಮಾತಾಡುವ ದಂಪತಿಗಳನ್ನು ದಿನವೂ ನೋಡುತ್ತೇನೆ. ಇಲ್ಲಿ ಬೆಕ್ಕು ನಿಂತಿತ್ತು, ಅಷ್ಟೆ. ಕಾಫಿ ಸಕ್ಕರೆಯ ಮಟ್ಟಿಗಾದರೆ ಯಾರಿಗೂ ನಷ್ಟವಿಲ್ಲ, ಚೆನ್ನಾಗಿಯೂ ಇರುತ್ತದೆ. ದೊಡ್ಡ ಮಾತುಗಳೂ ಅದೇ ದಾರಿ ಹಿಡಿದಾಗ ತೊಡಕು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಬೆಕ್ಕು ಅಲ್ಲಲ್ಲಿ ಉಚ್ಚೆ ಹೊಯ್ಯುವುದನ್ನು ಕೇಳಿದ ಕೂಡಲೇ ನನ್ನ ತಲೆ ಮನಸ್ಸಿನ ಕಡೆಗೇ ಓಡಿತು. ಮನೆಯ ಬಿಗುವು ಪ್ರಾಣಿಗಳಿಗೂ ತಟ್ಟುತ್ತದೆ, ಜಾಗ ಬದಲಾದರೆ, ಜಗಳವಾದರೆ ಬೆಕ್ಕುಗಳು ಹೀಗೆ ಮಾಡುವುದುಂಟು ಎಂದು ವಿವರಿಸಿದೆ. ಸುಳ್ಳಲ್ಲ, ಹಾಗೂ ಆಗುತ್ತದೆ. ಅವರಿಬ್ಬರೂ ತಲೆಯಾಡಿಸಿದರು, ನನಗೂ ನನ್ನ ವಿವರಣೆ ಇಷ್ಟವಾಯಿತು. ಪಶುವೈದ್ಯರಿಗೆ ತೋರಿಸಿದ್ದೀರಾ ಎಂಬ ಒಂದು ಪ್ರಶ್ನೆ ಕೇಳಲಿಲ್ಲ.

ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ ಶಾರದಮ್ಮನವರ ಫೋನು. “ಮರಳಿನ ಟ್ರೇಗೆ ಹೋಗ್ತಾನೆ, ಕೂರ್ತಾನೆ, ಕೂಗ್ತಾನೆ, ಎದ್ದು ಬರ್ತಾನೆ. ಬೆಳಗಿಂದ ಒಂದು ಹನಿ ಬಂದಿಲ್ಲ ಮೇಡಂ. ಇದೂ ಟೆನ್ಷನ್ನಾ?” ಆ ಕೊನೆಯ ಪ್ರಶ್ನೆ ನನಗೆ ಚುಚ್ಚಿತು. ಪಶುವೈದ್ಯೆಯಾಗಿರುವ ಗೆಳತಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು, ಹರಳಿನ ಪುಡಿ ಸೇರಿ ಕಟ್ಟಿಕೊಂಡರೆ ವಿಷ ರಕ್ತಕ್ಕೆ ಏರುತ್ತದೆ, ಒಂದೆರಡು ದಿನದಲ್ಲಿ ಹೃದಯ ನಿಲ್ಲಬಹುದು, ಬೆಳಗಾಗಲಿ ಅಂತ ಕಾಯಬೇಡಿ ಎಂದಳು. ಎರಡು ವಾರದಿಂದ ಬಚ್ಚಲಲ್ಲಿ, ಪಂಚೆಯ ಮೇಲೆ ಆಗುತ್ತಿದ್ದದ್ದು ಸಿಟ್ಟಲ್ಲ, ಉರಿ. ಟ್ರೇಗೆ ಹೋದರೆ ನೋವು ಅಂತ ಬೇರೆ ಬೇರೆ ಜಾಗ ಹುಡುಕುತ್ತಿತ್ತು, ಪಾಪ.

ಶಾರದಮ್ಮನವರ ಕೈಕಾಲು ನಡುಗುತ್ತಿದ್ದವು. ತರಕಾರಿ ಬುಟ್ಟಿಗೆ ಪಂಚೆ ಹಾಸಿ, ಅದರಲ್ಲಿ ಗುಂಡನನ್ನು ಕೂರಿಸಿ, ಮೇಲೊಂದು ಪಂಚೆ ಕಟ್ಟಿ ಆಟೊ ಹಿಡಿದವರು ರಾಯರು. ಅರಿವಳಿಕೆ ಕೊಟ್ಟು ನಳಿಗೆ ಹಾಕಿದರು. ಮೂರು ದಿನ ಆಸ್ಪತ್ರೆ. ಇದನ್ನು ನಾನು ಅವರ ಮನಸ್ಸು ಕರಗಿತೆನ್ನಲು ಬರೆಯುತ್ತಿಲ್ಲ. ಮುಂದಿನ ಸಲ ಬಂದಾಗಲೂ, “ಬಿಲ್ಲು ನೋಡಿದ್ರೆ ನಂಗೇ ನಳಿಗೆ ಹಾಕ್ಬೇಕಿತ್ತು,” ಅಂತಲೇ ಶುರು ಮಾಡಿದರು.

ಮೂರನೇ ಭೇಟಿಯಲ್ಲಿ ಶಾರದಮ್ಮನವರೊಬ್ಬರನ್ನೇ ಕೂರಿಸಿಕೊಂಡೆ. ಹಿಂದಿನ ಬಾಣಂತನದ ಬಗ್ಗೆ ಕೇಳಿದೆ. ಐದು ವರ್ಷದ ಹಿಂದೆ, ನವೆಂಬರಿನಿಂದ ಏಪ್ರಿಲ್‌ವರೆಗೆ, ವೀಸಾದವರು ಇರಗೊಟ್ಟ ಆರು ತಿಂಗಳನ್ನೂ ಅಲ್ಲೇ ಕಳೆದಿದ್ದರು. ಕಿಟಕಿಯಾಚೆ ಹಿಮ. ಕಾರು ಓಡಿಸಲು ಬಾರದವರಿಗೆ ಗೇಟಿನಾಚೆ ಲೋಕವೇ ಇಲ್ಲ. ಮಗಳ ರಜೆ ಮುಗಿದ ಮೇಲೆ ಮಗು, ಅಡಿಗೆ, ಪಾತ್ರೆ. ರಾಯರು ಲೈಬ್ರರಿ, ಮಾಲು ಸುತ್ತಿ, ಹೈದರಾಬಾದಿನ, ಪುಣೆಯ ತಮ್ಮಂಥದೇ ಅಪ್ಪಂದಿರ ಗೆಳೆತನ ಮಾಡಿಕೊಂಡು ಖುಷಿಯಾಗಿದ್ದರು. “ನಾನು ಯಾರ ಹತ್ರ ಮಾತಾಡ್ಲಿ ಮೇಡಂ? ಕೂಸಿನ ಹತ್ರ, ಡಿಶ್‌ವಾಷರ್ ಹತ್ರ.”

“ಗುಂಡ ಇಲ್ಲದೇ ಇದ್ದಿದ್ರೆ ಈಗ ಹೊರಡ್ತಿದ್ರಾ ಅಮ್ಮ?”

ಬಹಳ ಹೊತ್ತು ಸೆರಗಿನ ಅಂಚು ತಿರುವಿದರು. “ಇಲ್ಲ. ಮಂಡಿನೋವು ಅಂತಿದ್ದೆ.”

ಹನ್ನೊಂದು ವರ್ಷ ಹಾಸಿಗೆ ಹಿಡಿದ ಅತ್ತೆ, ನಾದಿನಿಯರ ಮೂರು ಬಾಣಂತನ, ಮಗಳ ಒಂದು. ಇಷ್ಟರಲ್ಲಿ ಯಾವುದಕ್ಕೂ ‘ನನಗಾಗಲ್ಲ’ ಅಂದವರಲ್ಲ. ಹೀಗೆ ಬೆಳೆದ ಹೆಂಗಸಿಗೆ ‘ಬೆಕ್ಕಿದೆಯಲ್ಲ, ಹೇಗೆ ಬರಲಿ?’ ಅನ್ನುವುದು ಸಲೀಸು. ಅದರಲ್ಲಿ ಯಾರ ಮೇಲೂ ಬೇಸರವಿಲ್ಲ, ಯಾರಿಗೂ ಇಲ್ಲವೆಂದ ಹಾಗಿಲ್ಲ. ಮಗಳಿಗೆ ಮಾತ್ರ ಬೇರೆಯೇ ಕೇಳಿಸುತ್ತಿತ್ತು. ಅವಳಿಗೆ ಕೇಳಿಸಿದ್ದು, ಅಮ್ಮನಿಗೆ ನನಗಿಂತ ಬೆಕ್ಕು ಹೆಚ್ಚು ಎಂದು.

ಹಾಗಂತ ಗುಂಡ ಬರೀ ನೆಪವಲ್ಲ. ‘ಮಗಳ ಜಾಗಕ್ಕೆ ಬೆಕ್ಕು’ ಎಂದು ಬರೆದು ಫೈಲು ಮುಚ್ಚುವುದು ನಮ್ಮ ವೃತ್ತಿಯಲ್ಲಿ ಸುಲಭ, ನನಗೆ ಅದು ಹಿಡಿಸುವುದಿಲ್ಲ. ಬೆಳಿಗ್ಗೆ ಐದೂವರೆಗೆ ಗುಂಡ ಉಗುರು ಒಳಗೆಳೆದುಕೊಂಡು ಮೆತ್ತನೆ ಪಾದವನ್ನು ಕೆನ್ನೆಯ ಮೇಲಿಡುತ್ತಾನೆ. ರಂಗೋಲಿ ಹಾಕುವಾಗ ಪಕ್ಕದಲ್ಲಿ ಕೂತು ಬಾಲದಲ್ಲಿ ಅರ್ಧ ಅಳಿಸುತ್ತಾನೆ. ಮಡಿಸಿಟ್ಟ ಬಟ್ಟೆ ಬೆಚ್ಚಗಿದ್ದರೆ ಅದರ ಮೇಲೇ ಕೂರಬೇಕು. ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತು. ಆಮೇಲೆ ಒಂದು ಮಾತು ಹೇಳಿದರು. “ಊಟ ಆದ ಮೇಲೂ ನನ್ನ ಪಕ್ಕ ಕೂರೋನು ಆ ಮನೇಲಿ ಅವನೊಬ್ಬನೇ.”

ಈ ಮಾತನ್ನು ರಾಯರಿಗೆ ತಲುಪಿಸುವ ಕೆಲಸ ನನ್ನದಲ್ಲ, ನೀವೇ ಹೇಳಬೇಕು, ಗುಂಡನ ಕೈಲಿ ಹೇಳಿ ಕಳಿಸಬಾರದು ಎಂದೆ.

ರಾಯರ ಸರದಿ ಬಂದಾಗ ಅವರು ಲೆಕ್ಕ ತೆಗೆದರು. “ಅದಕ್ಕೆ ಈಗ ನಾಲ್ಕು. ಮನೆಯೊಳಗೇ ಇರೋ ಬೆಕ್ಕು ಹದಿನೈದು ವರ್ಷ ಬದುಕುತ್ತೆ ಅಂದ್ರು ಡಾಕ್ಟ್ರು. ಆಗ ನಂಗೆ 82, ಇವಳಿಗೆ 76. ಇಬ್ಬರಲ್ಲಿ ಒಬ್ರು ಇರಲ್ಲ ಅಂತಿಟ್ಕೊಳ್ಳಿ. ಇಬ್ರೂ ಇಲ್ಲ ಅಂತಾನೂ ಇಟ್ಕೊಳ್ಳಿ. ಅದು ಎಲ್ಲಿಗೆ ಹೋಗುತ್ತೆ?” ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಆ ರಾತ್ರಿ ಹೊಳೆದದ್ದಲ್ಲ ಇದು, ಎರಡು ವರ್ಷದಿಂದ ಕೊರೆಯುತ್ತಿದ್ದದ್ದು. ಆದ್ದರಿಂದಲೇ ಈಗಲೇ ಎಲ್ಲಾದರೂ ಬಿಟ್ಟುಬಿಡುವುದು ವಾಸಿ ಎಂಬ ವಾದ. ಚಿಕ್ಕಂದಿನಲ್ಲಿ ಅವರ ಹಳ್ಳಿಯಲ್ಲಿ ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರಂತೆ. ಮೂರನೇ ದಿನ ಬೆಕ್ಕು ಒಲೆಯ ಮುಂದೆ ಇರುತ್ತಿತ್ತಂತೆ.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬೀಳುವಂತೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂದು ಹೇಳಿದೆ. ದಂಡ ಎಷ್ಟು ಅಂದರು. ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ. ಬ್ಯಾಂಕಿನವರಿಗೆ ನಗು ತಡೆಯಲಾಗಲಿಲ್ಲ, ನನಗೂ. ಕಾನೂನು ಹೆದರಿಸುವಷ್ಟಿಲ್ಲ, ಆದರೆ ಮನೆಯೊಳಗೇ ಬೆಳೆದ ಗುಂಡನಿಗೆ ಬೀದಿಯಲ್ಲಿ ಊಟ ಹುಡುಕುವುದು, ನಾಯಿಯಿಂದ ತಪ್ಪಿಸಿಕೊಳ್ಳುವುದು ಎರಡೂ ಗೊತ್ತಿಲ್ಲ ಎಂದಾಗ ಸುಮ್ಮನಾದರು.

ನಾನು ಕೊಟ್ಟ ಸಲಹೆಯಲ್ಲಿ ಬೆಕ್ಕಿನ ಪಾಲನ್ನು ಬೇಗ ಹೇಳಿಬಿಡುತ್ತೇನೆ. ಬೆಕ್ಕಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಪಶುವೈದ್ಯರು, ಆಮೇಲೆ ನನ್ನಂಥವರು. ಗಂಡು ಬೆಕ್ಕು ಮುಕ್ಕರಿದರೂ ಹನಿ ಬಾರದಿದ್ದರೆ ಅದೇ ಗಳಿಗೆ ಹೊರಡಬೇಕು. ನೋವಿಗೆ ಅಂತ ಮನೆಯ ಪ್ಯಾರಾಸಿಟಮಾಲ್ ಕೊಡಲೇಬಾರದು, ಬೆಕ್ಕಿಗೆ ಅದು ವಿಷ. ಊಟದ ವಿಷಯಕ್ಕೆ ಶಾರದಮ್ಮ ಮೊದಲ ವರ್ಷ ಹಾಲನ್ನ, ಮೊಸರನ್ನವನ್ನೇ ಹಾಕಿದ್ದರು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸ, ಮೀನುಗಳಲ್ಲಿ ಎಂದು ವೈದ್ಯರು ಹೇಳಿದ ಮೇಲೆ ಕಾಳಿನ ಚೀಲ ಮನೆಗೆ ಬಂದದ್ದು. ನಿಮ್ಮ ಆಚಾರವನ್ನು ಬೆಕ್ಕಿನ ಹೊಟ್ಟೆ ಪಾಲಿಸಲಾರದು, ಆದರೆ ತಟ್ಟೆ ಎಲ್ಲಿಡಬೇಕೆಂಬುದು ನಿಮ್ಮ ಕೈಯಲ್ಲಿದೆ ಎಂದೆ. ತಟ್ಟೆ ಹಿತ್ತಲ ಜಗಲಿಗೆ ಹೋಯಿತು, ಬೇರೆ ಚಮಚ, ಬೇರೆ ನಲ್ಲಿ. ಒಣ ಕಾಳನ್ನು ನೀರಲ್ಲಿ ನೆನೆಸಿ ಕೊಡಿ, ನೀರು ಹೆಚ್ಚು ಹೊಟ್ಟೆಗೆ ಹೋಗಲಿ ಎಂದು ಆಸ್ಪತ್ರೆಯವರು ಹೇಳಿದ್ದರು. ನೆನೆಸುವುದು ರಾಯರ ಪಾಲಿಗೆ ಬಿತ್ತು. ಇಷ್ಟು ಗ್ರಾಂ ಕಾಳಿಗೆ ಇಷ್ಟು ನೀರು ಎಂದು ಬರೆದಿಟ್ಟುಕೊಂಡಿದ್ದಾರೆ.

ರಾಯರ ಲೆಕ್ಕಕ್ಕೆ ಉತ್ತರ ಬೇಕಿತ್ತು, ಸಮಾಧಾನ ಸಾಲದು. ಬೆಕ್ಕಿನ ಹೆಸರಿಗೆ ಆಸ್ತಿ ಬರೆಯಲು ಬರುವುದಿಲ್ಲ. ನೋಡಿಕೊಳ್ಳಲು ಒಪ್ಪಿದವರ ಹೆಸರಿಗೆ ಒಂದಿಷ್ಟು ಹಣವಿಟ್ಟು, ಉಯಿಲಿನಲ್ಲಿ ಆ ಮಾತನ್ನು ಕಾಣಿಸಬಹುದು. ಆದರೆ ಅವರನ್ನು ಮೊದಲು ಕೇಳಬೇಕು. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಕೆಲಸಕ್ಕೆ ಸೇರಿದ ಹೊಸಬಳು, ಅವಳನ್ನು ಹನ್ನೊಂದು ವರ್ಷಕ್ಕೆ ಕಟ್ಟಿಹಾಕುವಂತಿಲ್ಲ. ಕೊನೆಗೆ ಶಾರದಮ್ಮನವರ ತಂಗಿಯ ಮಗ ಒಪ್ಪಿದ. ಲಸಿಕೆಯ ಪುಸ್ತಕ, ವೈದ್ಯರ ನಂಬರು, ಯಾವ ಕಾಳು, ಯಾವುದಕ್ಕೆ ಹೆದರುತ್ತಾನೆ (ಪಟಾಕಿ, ಮಿಕ್ಸಿ) ಎಲ್ಲವೂ ಒಂದು ಹಾಳೆಯಲ್ಲಿ.

ಮಗಳಿಗೆ ಹೇಳಬೇಕಾದ ಮಾತಿಗೆ ಹೆಚ್ಚು ಹೊತ್ತು ಹಿಡಿಯಿತು. ಇಲ್ಲಿ ಕೂತೇ ಮೂರು ಸಲ ಅಭ್ಯಾಸ ಮಾಡಿದೆವು. ಮೊದಲ ಸಲ ಮಂಡಿ ಬಂತು, ಎರಡನೇ ಸಲ ಗುಂಡ ಬಂದ. ಮೂರನೇ ಸಲ, “ಪುಟ್ಟಿ, ಹೋದ ಸಲ ಅಲ್ಲಿ ನಂಗೆ ತುಂಬಾ ಒಂಟಿ ಅನ್ನಿಸ್ತು. ಚಳಿಗಾಲದಲ್ಲಿ ಆರು ತಿಂಗಳು ಇನ್ನೊಂದ್ಸಲ ನನ್ನ ಕೈಲಾಗಲ್ಲ. ನಿನ್ನ ಮೇಲೆ ಬೇಜಾರಿಲ್ಲ,” ಅಂತ ನೆಟ್ಟಗೆ ಬಂತು. ಆಗದು ಎಂದ ಮೇಲೆ ಏನಾಗುತ್ತದೆಂದೂ ಹೇಳಬೇಕು ಎಂದೆ. ಬರೀ ಇಲ್ಲ ಎಂದು ಫೋನಿಟ್ಟರೆ ಬಸುರಿ ಮಗಳು ಅದನ್ನು ಹೇಗೆ ಹೊರಬೇಕು?

ಅವರು ಹೇಳಿದರು. ಮಗಳು ಹತ್ತು ದಿನ ಫೋನು ಮಾಡಲಿಲ್ಲ. ಆ ಹತ್ತು ದಿನ ಶಾರದಮ್ಮ ನನ್ನನ್ನು ಮನಸ್ಸಿನಲ್ಲಿ ಶಪಿಸಿರಬೇಕು. ಹನ್ನೊಂದನೇ ದಿನ ಫೋನು ಬಂತು, ಅಳು. “ಹೋದ ಸಲಾನೇ ಹೇಳಬಾರದಿತ್ತಾ ಅಮ್ಮ?” ಹೇಳಿದ್ದರೆ ಅವಳೂ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ, ನಾನು ಆ ಕಡೆ ಹೋಗಲಿಲ್ಲ.

ಹೆರಿಗೆಗೆ ಮಗಳ ಅತ್ತೆಯವರು ಎರಡು ತಿಂಗಳಿಗೆ ಬರುವುದೆಂದಾಯಿತು. ಮೇ ತಿಂಗಳಲ್ಲಿ ಬಿಸಿಲು ಬಂದ ಮೇಲೆ ಶಾರದಮ್ಮ ಆರು ವಾರಕ್ಕೆ ಹೋಗುತ್ತಾರೆ. ಆಗ ಗುಂಡನನ್ನು ಬೇರೆಲ್ಲೂ ಬಿಡುವುದಿಲ್ಲ. ಬೆಕ್ಕಿಗೆ ಅಪರಿಚಿತರಿಗಿಂತ ಅಪರಿಚಿತ ಮನೆ ಹೆಚ್ಚು ದಿಗಿಲು, ಆದ್ದರಿಂದ ಮಹಡಿಯ ಹುಡುಗಿ ದಿನಕ್ಕೆರಡು ಸಲ ಕೆಳಗೆ ಬರುತ್ತಾಳೆ. ಮೊದಲು ಮೂರು ದಿನ ಧರ್ಮಸ್ಥಳಕ್ಕೆ ಹೋಗಿ ಪರೀಕ್ಷೆ ಮಾಡಿ ನೋಡಿ ಎಂದಿದ್ದೆ. ಹೋಗಿ ಬಂದರು. ಗುಂಡ ಒಂದು ಹೊತ್ತು ಮುನಿಸಿಕೊಂಡು ಅಟ್ಟದಲ್ಲಿ ಕೂತಿದ್ದನಂತೆ.

ನನಗೆ ಹೊಳೆಯದ ಒಂದು ಭಾಗವನ್ನು ಅವರೇ ಸೇರಿಸಿಕೊಂಡರು. ರಾಯರು ಜನವರಿಯಲ್ಲೇ ಒಬ್ಬರೇ ಹೊರಟರು. ಹೋಗುವ ಮುಂಚೆ ಸಾರು, ಮೆಂತ್ಯದ ಗೊಜ್ಜು ಕಲಿತರು. ಅಂಟಿನುಂಡೆಯ ಡಬ್ಬಿ ಹೊತ್ತುಕೊಂಡು ಹೋದರು. ದೊಡ್ಡ ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಬಿಡುವುದು, ಕರೆತರುವುದು ಅವರ ಕೆಲಸ.

ಫೆಬ್ರುವರಿಯಲ್ಲಿ ಶಾರದಮ್ಮ ಒಬ್ಬರೇ ಬಂದರು. ಗಂಡ ದಿನವೂ ಬೆಳಿಗ್ಗೆ ವಿಡಿಯೊ ಕಾಲ್ ಮಾಡುತ್ತಾರಂತೆ, ಈಗ ಅರ್ಧ ಗಂಟೆ ಮಾತಾಡುತ್ತಾರಂತೆ, ಕಾಫಿ ಲೋಟ ಹಿಡಿದುಕೊಂಡೇ. ಒಂದೇ ಆಕ್ಷೇಪ. “ಇಷ್ಟು ವರ್ಷದಲ್ಲಿ ನನ್ನ ಮಂಡಿ ಹೇಗಿದೆ ಅಂತ ಮೊದಲು ಕೇಳಿದವರಲ್ಲ. ಈಗಲೂ ಇಲ್ಲ. ಫೋನು ಎತ್ತಿದ ಕೂಡಲೇ, ‘ಅದು ಸರಿಯಾಗಿ ಉಚ್ಚೆ ಹೊಯ್ತಾ?’ ಅಂತಾರೆ.”

“ನೀವೇನಂತೀರಿ?”

“ಹೊಯ್ತಾನೆ, ನನ್ನ ಮಂಡಿ ಕೇಳಿ ಅಂತೀನಿ.”