ಆ ಪಾಠ ಮನೇಲಿ ಓದ್ಕೊಳ್ಳಿ ಅಂದವರು ನಾವೇ

ಮಂಡ್ಯದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗ ಒಂಬತ್ತನೇ ಕ್ಲಾಸು. ಪಾಠಕ್ಕೆ ಅಂತ ಕೊಡಿಸಿದ ಫೋನಿನಲ್ಲಿ ಅಶ್ಲೀಲ ವಿಡಿಯೊ ನೋಡುತ್ತಿದ್ದದ್ದು ಗೊತ್ತಾಗಿ, ಕೂಗಾಡಿ ಫೋನ್ ಕಿತ್ತುಕೊಂಡಿದ್ದಾರೆ. ಹದಿನೈದು ದಿನದಿಂದ ಹುಡುಗ ಅಮ್ಮನ ಮುಖ ನೋಡುತ್ತಿಲ್ಲ. 'ಸರ್ಕಾರ ಈ ದರಿದ್ರ ಸೈಟುಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಿಸಬಾರದಾ?' ಅಂತ ಕೇಳಿದ್ದಾರೆ.

ತಾಯಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮುಚ್ಚಿಸಿದರೆ ಏನೂ ಉಪಯೋಗ ಇಲ್ಲ ಅಂತ ನಾನು ಹೇಳಲಾರೆ. ಆಟ ಹುಡುಕಲು ಹೋದ ಚಿಕ್ಕ ಮಕ್ಕಳ ಕಣ್ಣಿಗೆ ಬೀಳುವುದಾದರೂ ಕಡಿಮೆ ಆದೀತು. ಆದರೆ ಸರ್ಕಾರ ಇದನ್ನು ಮಾಡಿ ನೋಡಿದೆ. 2015ರಲ್ಲಿ 857 ಸೈಟುಗಳಿಗೆ ತಡೆ ಹಾಕಿ, ಗಲಾಟೆ ಎದ್ದ ಮೇಲೆ ಕೆಲವೇ ದಿನದಲ್ಲಿ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶ ಬಂದ ಮೇಲೆ 827 ಸೈಟುಗಳನ್ನು ಮುಚ್ಚಿಸಲು ಹೇಳಿತು. ವಿಳಾಸದ ಬಾಲ ಬದಲಿಸಿಕೊಂಡು ವಾಪಸ್ ಬಂದವೂ ಇವೆ. ತಡೆ ದಾಟಿಸುವ ವಿಪಿಎನ್ ಆ್ಯಪ್ ಹಾಕುವುದು ಹೇಗೆ ಅಂತ ಒಂಬತ್ತನೇ ಕ್ಲಾಸಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ಕಾಲದಲ್ಲೂ ಇಂಥ ಪುಸ್ತಕ ಇದ್ದವು. ಮೈಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಪಿನ್ ಹೊಡೆದು ನೇತುಹಾಕಿರುತ್ತಿದ್ದರು. ಕೊಳ್ಳಲು ಕಾಸು ಬೇಕು, ಧೈರ್ಯ ಬೇಕು, ಗುರುತಿನವರು ಕಂಡುಬಿಟ್ಟರೆ ಅನ್ನುವ ಭಯ ಬೇರೆ. 2016ರಲ್ಲಿ ಜಿಯೋ ಬಂತು, ಡೇಟಾ ನೀರಿನ ಹಾಗೆ ಹರಿಯಿತು. ಕಾಸು, ಧೈರ್ಯ, ಭಯ ಯಾವುದರ ಮಾತೂ ಈಗಿಲ್ಲ. ದೊಡ್ಡವರ ಮೌನ ಮಾತ್ರ ಹಾಗೇ ಇದೆ.

ಹೈಸ್ಕೂಲಿನಲ್ಲಿ ನಮಗೆ ಸಂತಾನೋತ್ಪತ್ತಿಯ ಪಾಠ ಇತ್ತು. ಮೇಷ್ಟ್ರು ಪುಸ್ತಕ ತೆರೆದರು. ಚಿತ್ರ ನೋಡಿದರು. ಕರ್ಚೀಫಿನಿಂದ ಕತ್ತು ಒರೆಸಿಕೊಂಡು, 'ಇದನ್ನ ಮನೇಲಿ ಓದ್ಕೊಳ್ಳಿ' ಅಂತ ನಾಲ್ಕು ಹಾಳೆ ಒಟ್ಟಿಗೆ ಮಗುಚಿದರು. ಒಳ್ಳೆಯ ಮನುಷ್ಯ, ಬೀಜಗಣಿತ ಅವರಷ್ಟು ಚೆನ್ನಾಗಿ ಹೇಳಿಕೊಟ್ಟವರಿಲ್ಲ. ಮನೆಯಲ್ಲಿ ಕೇಳಿದರೆ ಏನಾಗುತ್ತಿತ್ತು ಅಂತ ನಿಮಗೇ ಗೊತ್ತಲ್ವಾ? ಹದಿಹರೆಯದ ಶಿಕ್ಷಣ ಅಂತ ಕೇಂದ್ರದ ಕಾರ್ಯಕ್ರಮ ಬಂದಾಗ, 2007ರಲ್ಲಿ ಹಲವು ರಾಜ್ಯಗಳ ಜೊತೆ ನಮ್ಮ ರಾಜ್ಯವೂ ಬೇಡ ಅಂದಿತು. ಸಂಸ್ಕೃತಿ ಕೆಡುತ್ತದಂತೆ. 2012ರಲ್ಲಿ ಅದೇ ರಾಜ್ಯದ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರು, ಒದಗಿಸಿದರು ಅನ್ನುವ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟರು.

ಕನ್ನಡದಲ್ಲಿ ಈ ವಿಷಯ ಬರೆಯಲು ಪದ ಇಲ್ಲ ಅನ್ನುವವರಿದ್ದಾರೆ. ಡಾ. ಅನುಪಮಾ ನಿರಂಜನ 'ಕೇಳು ಕಿಶೋರಿ' ಬರೆದದ್ದು ಕನ್ನಡದಲ್ಲೇ. ವೈದ್ಯೆಯಾಗಿ, ಅಕ್ಕನ ಹಾಗೆ, ಹೆಣ್ಣುಮಕ್ಕಳಿಗೆ ಅವರ ದೇಹದ ವಿಷಯ ಹೇಳಿದರು. ನಮ್ಮ ಅಕ್ಕ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಓದಿದ್ದಳು. ನನ್ನ ಕೈಗೆ ಮಾತ್ರ ಅಂಥದ್ದೊಂದು ಪುಸ್ತಕ ಯಾರೂ ಕೊಡಲಿಲ್ಲ. ಗಂಡುಹುಡುಗ, ತಾನೇ ತಿಳ್ಕೋತಾನೆ ಅಂತ ಬಿಟ್ಟರು.

ತಾನೇ ತಿಳಿದುಕೊಂಡರೆ ಏನಾಗುತ್ತದೆ ಅಂತ ಮೈಸೂರಿನ ನನ್ನ ಡಾಕ್ಟರ್ ಗೆಳೆಯರೊಬ್ಬರು ಹೇಳಿದರು. ಮದುವೆಯಾಗಿ ಮೂರು ತಿಂಗಳಾದ ಹುಡುಗ ಹೆಂಡತಿಯನ್ನು ಕರೆತಂದು 'ಇವಳಿಗೇನೋ ತೊಂದರೆ ಇದೆ' ಅಂದನಂತೆ. ಹುಡುಗಿ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. 'ಇವಳಿಗೆ ಏನು ಇಷ್ಟ, ಏನು ಬೇಡ ಅಂತ ಒಂದು ದಿನವಾದರೂ ಕೇಳಿದ್ದೀಯಾ?' ಅಂದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವನು ನೋಡಿದ ವಿಡಿಯೊಗಳಲ್ಲಿ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಹುಡುಗ ನೋಡಿದ ಅನ್ನುವುದಕ್ಕಿಂತ, ಹೆಣ್ಣು ಅಂದರೆ ಅಷ್ಟೇ ಅಂತ ನಂಬಿದ ಅನ್ನುವುದಕ್ಕೆ.

ನಿಮ್ಮ ಜಿಲ್ಲೆಯನ್ನೇ ನೋಡಿ. 2023ರ ಫೆಬ್ರವರಿಯಲ್ಲಿ, ಮದುವೆಗೆ ಹೆಣ್ಣು ಸಿಗುತ್ತಿಲ್ಲ ಅಂತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಭ್ರೂಣ ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದ ಜಾಲ ಬಯಲಾಯಿತು. ಹುಟ್ಟುವ ಮೊದಲೇ ಹೆಣ್ಣು ಬೇಡ ಅಂದೆವು. ಹುಟ್ಟಿದ ಹುಡುಗಿಯರ ಜೊತೆ ಹುಡುಗರು ಮಾತಾಡಿದರೆ ಊರೆಲ್ಲ ಸುದ್ದಿ ಮಾಡಿದೆವು. ಶಾಲೆಯಲ್ಲಿ ಬೇರೆ ಸಾಲು, ಬಸ್ಸಿನಲ್ಲಿ ಬೇರೆ ಸೀಟು. ಅಂಥ ಊರಿನ ಹುಡುಗ ಹೆಣ್ಣನ್ನು ಹತ್ತಿರದಿಂದ ನೋಡುವುದು ಆರಿಂಚಿನ ಪರದೆಯಲ್ಲಿ. ಇದನ್ನು ಯಾವ ಹೈಕೋರ್ಟು ಮುಚ್ಚಿಸುತ್ತದೆ?

ನೀವು ಕೂಗಾಡಿದ್ದು ತಪ್ಪು, ತಾಯಿ. ಹೆದರಿಕೆಗೆ ಕೂಗಿದಿರಿ, ಅದು ಅರ್ಥವಾಗುತ್ತದೆ. ಆದರೂ ತಪ್ಪು. ಇವತ್ತು ಊಟಕ್ಕೆ ಬಡಿಸುವಾಗ ಅವನಿಗೆ ಹಾಗೇ ಹೇಳಿ. ನೀನು ನೋಡಿದ್ದು ಕಾಸಿಗೆ ಮಾಡಿದ ನಟನೆ, ಸಂಸಾರ ಹಾಗಿರುವುದಿಲ್ಲ ಅನ್ನಿ. ಇನ್ನೊಂದು ಮಾತು ಬಿಡದೆ ಹೇಳಿ. ಮಕ್ಕಳು ಇರುವಂಥ ಅಶ್ಲೀಲ ವಿಡಿಯೊ ಯಾರಾದರೂ ಕಳಿಸಿದರೆ ಮುಂದೆ ಕಳಿಸಬಾರದು, ಇಟ್ಟುಕೊಳ್ಳಲೂಬಾರದು, ಬಂದು ನಿಮಗೆ ತಿಳಿಸಬೇಕು. ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಅಂತ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ.

ಕೊನೆಗೆ ನನ್ನದೊಂದು ಪ್ರಶ್ನೆ. ನಿಮ್ಮ ಪತ್ರ ಎರಡು ಸಲ ಓದಿದೆ. ಮಗ ಇದ್ದಾನೆ, ಫೋನ್ ಇದೆ, ಸರ್ಕಾರ ಇದೆ. ಹುಡುಗನ ಅಪ್ಪನ ಸುದ್ದಿ ಒಂದು ಸಾಲಿನಲ್ಲೂ ಇಲ್ಲ. ಅವರು ಜೊತೆಯಲ್ಲೇ ಇದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ.