ಅಣ್ಣನನ್ನು ನೋಡಿಕೊಂಡ ಅನುಭವ ಸಾಲದಾ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಅಡಿಕೆ ಕೊಯ್ಯಲು ಮರ ಹತ್ತಿದ ಅಣ್ಣ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಅವನನ್ನು ನೋಡಿಕೊಳ್ಳುತ್ತಲೇ ಬಿ.ಎ. ಮುಗಿಸಿದೆ, ಸೈಕಾಲಜಿ ಒಂದು ವಿಷಯವಾಗಿತ್ತು. ಅಣ್ಣನಂಥವರಿಗೆ ಕೌನ್ಸೆಲಿಂಗ್ ಮಾಡುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಆನ್‌ಲೈನಲ್ಲಿ ಒಂದು ತಿಂಗಳ ಕೋರ್ಸ್ ಇದೆ, ಸರ್ಟಿಫಿಕೇಟೂ ಕೊಡ್ತಾರಂತೆ. ಸೇರಲಾ? ಮನೆಯ ಅನುಭವ ಇದೆಯಲ್ಲ, ಅದು ಸಾಲದಾ?
– ಓದುಗಿ, ಪುತ್ತೂರು ಕಡೆ

ಉತ್ತರ: ಸೇರಬೇಡಿ. ಸುಮ್ನೆ ವಿಷಯ ತಿಳಿಯಲಿಕ್ಕೆ ಅಂತಾದರೆ ಅಡ್ಡಿಯಿಲ್ಲ, ಆದರೆ ಆ ಕಾಗದ ಹಿಡಿದು ಕೆಲಸ ಕೇಳಲು ಆಗುವುದಿಲ್ಲ. ಅಂಗವೈಕಲ್ಯ ಇರುವವರ ಪುನರ್ವಸತಿ ಕ್ಷೇತ್ರಕ್ಕೆ 1992ರ ಕಾಯ್ದೆ ಇದೆ, ಅದರಡಿ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಎಲ್ಲರೂ ಆರ್‌ಸಿಐ ಅನ್ನುತ್ತಾರೆ. ಅದು ಒಪ್ಪಿದ ಕೋರ್ಸ್ ಮಾಡಿ, ಅದರ ರಿಜಿಸ್ಟರಿನಲ್ಲಿ ಹೆಸರು ಬರೆಸಿ ನಂಬರ್ ಪಡೆಯಬೇಕು. ನೋಂದಣಿ ಇಲ್ಲದೆ ಪುನರ್ವಸತಿ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. (ದಂಡದ ಮೊತ್ತ ನೋಡಿ ನಗಬೇಡಿ, ಜೈಲು ಜೈಲೇ.)

ನಿಮ್ಮ ಡಿಗ್ರಿ ಮೇಲೆ ಎಂ.ಎ. ಸೈಕಾಲಜಿ ಮಾಡಿ, ಆಮೇಲೆ ಪುನರ್ವಸತಿ ಮನಶ್ಶಾಸ್ತ್ರದ ಪಿಜಿ ಡಿಪ್ಲೊಮಾ. ಅಷ್ಟು ವರ್ಷ ಮನೆ ಬಿಟ್ಟಿರಲು ಆಗದಿದ್ದರೆ ಆರ್‌ಸಿಐ 2021ರಲ್ಲಿ ಶುರುಮಾಡಿದ ಆರು ತಿಂಗಳ ಸಿಬಿಐಡಿ (ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ) ಕೋರ್ಸ್ ನೋಡಿ. ಅದು ಸಮಾಲೋಚಕರಾಗುವ ಕೋರ್ಸ್ ಅಲ್ಲ, ಊರೂರಲ್ಲಿ ಓಡಾಡಿ ಕೆಲಸ ಮಾಡುವವರಿಗೆ. ಯಾವುದಕ್ಕೇ ಸೇರುವ ಮುಂಚೆ ಆ ಕಾಲೇಜಿಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯಾ ಅಂತ ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಕಾಲೇಜಿನವರ ಬಾಯಿಮಾತು ನಂಬಬೇಡಿ.

ಇನ್ನು ಮನೆಯ ಅನುಭವ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತೆ, ಕ್ಯಾತಿಟರ್ (ಮೂತ್ರದ ನಳಿಕೆ) ಕಟ್ಟಿಕೊಂಡರೆ ರಾತ್ರಿ ಏನು ಗತಿ, ಇದೆಲ್ಲ ಎಂ.ಎ. ಓದಿದವರಿಗೂ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಆದರೆ ನಿಮಗೆ ಗೊತ್ತಿರುವುದು ಬೆನ್ನುಹುರಿ ಒಂದೇ. ಅಂಗವಿಕಲರ ಹಕ್ಕುಗಳ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಇದೆ. ಆಟಿಸಂ ಇರುವ ಹುಡುಗನೂ ಆ್ಯಸಿಡ್ ದಾಳಿಗೆ ಸಿಕ್ಕ ಹೆಂಗಸೂ ಥಲಸ್ಸೀಮಿಯಾ ಮಗುವಿನ ಅಪ್ಪನೂ ನಾಳೆ ನಿಮ್ಮ ಮುಂದೆಯೇ ಬಂದು ಕೂರುವವರು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಣ್ಣನಿಗೆ ಏನು ಬೇಕು ಅಂತ ಕೇಳದೇನೇ ನಿಮಗೆ ಗೊತ್ತಾಗುತ್ತೆ ಅಲ್ವಾ? ಮನೆಯಲ್ಲಿ ಅದು ಪ್ರೀತಿ. ಈ ಕೆಲಸದಲ್ಲಿ ಅದೇ ತಪ್ಪು. ನಾನೂ ಮಾಡಿದ್ದೇನೆ. ಮೊದಲ ವರ್ಷ ಕಿವಿ ಕೇಳದ ಒಬ್ಬ ಹುಡುಗ ತಾಯಿ ಜೊತೆ ಬಂದಿದ್ದ. ಅರ್ಧ ಗಂಟೆ ತಾಯಿ ಹತ್ತಿರವೇ ಮಾತಾಡಿದೆ: ಇವನು ಏನು ಓದ್ತಾನೆ, ಊಟ ಸರಿಯಾಗಿ ಮಾಡ್ತಾನಾ, ಸಿಟ್ಟು ಜಾಸ್ತಿನಾ. ಕೊನೆಗೆ ಅವನೇ ನನ್ನ ಪೆನ್ನು ಕಿತ್ತುಕೊಂಡು ಬರೆದ: ‘ನನ್ನನ್ನು ಕೇಳಿ.’

ಬರುವವರು ಕೇಳುವುದೂ ನೀವು ಅಂದುಕೊಂಡ ಹಾಗಿರುವುದಿಲ್ಲ. ‘ಮನಸ್ಸಿಗೆ ಬೇಜಾರು’ ಅಂತ ಶುರುಮಾಡುವವರು ಕಡಿಮೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂದಿಲ್ಲ, ಪೆನ್ಶನ್ ನಿಂತಿದೆ, ತಾಲೂಕು ಆಫೀಸಿಗೆ ಮೆಟ್ಟಿಲು ಹತ್ತುವುದು ಹೇಗೆ, ಹೀಗೆ ಶುರುವಾಗುತ್ತೆ. ಮನೆಯವರು ಹೊರಗೆ ಹೋದ ಮೇಲೆ ದನಿ ತಗ್ಗಿಸಿ, ನನಗೆ ಮದುವೆ ಆಗುತ್ತಾ, ಮಕ್ಕಳಾಗುತ್ತಾ ಅಂತ ಕೇಳುತ್ತಾರೆ. ಪೆನ್ಶನ್ ಅರ್ಜಿ ತುಂಬಿಕೊಟ್ಟವರ ಹತ್ತಿರವೇ ಈ ಮಾತು ಬರುವುದು, ಸುಮ್ನೆ ತಲೆಯಾಡಿಸುತ್ತ ಕೂತವರ ಹತ್ತಿರ ಅಲ್ಲ.

ಹಾಗಾಗಿ ಎಂ.ಎ.ಗೆ ಅರ್ಜಿ ಹಾಕಿ ಕಾಯುವ ತಿಂಗಳುಗಳಲ್ಲಿ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿಕೊಂಡು ಅವರ ಜೊತೆ ಮನೆಮನೆ ಸುತ್ತಿ. ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಗೌರವಧನ ಕಮ್ಮಿ, ತಿರುಗಾಟ ಜಾಸ್ತಿ. ಒಂದು ಕೋರ್ಸಿಗಿಂತ ಹೆಚ್ಚು ಕಲಿಯುತ್ತೀರಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರದ ತುಂಬ ಅಣ್ಣ ಇದ್ದಾರೆ, ಆದರೆ ಅವರು ಆಡಿದ ಒಂದು ಮಾತೂ ಇಲ್ಲ. ನೀವು ಓದಲು ಹೋದರೆ ಅವರ ದಿನ ಹೇಗೆ ನಡೆಯಬೇಕು ಅಂತ ಅವರನ್ನೇ ಕೇಳಿ. ಹೊಸದಾಗಿ ಮರದಿಂದ ಬಿದ್ದು ಮಲಗಿದ ಹುಡುಗ ನನ್ನ ಹತ್ತಿರ ಹೇಳದ್ದನ್ನು ಗಾಲಿಕುರ್ಚಿಯಲ್ಲಿ ಬಂದವರ ಹತ್ತಿರ ಹೇಳುತ್ತಾನೆ, ಎಷ್ಟೋ ಸಲ ನೋಡಿದ್ದೇನೆ. ಅಣ್ಣನಿಗೂ ಈ ಕೆಲಸಕ್ಕಾಗಿ ಓದುವ ಮನಸ್ಸಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಶೇ 5 ಮೀಸಲಾತಿ, ವಯಸ್ಸಿನಲ್ಲಿ ಐದು ವರ್ಷ ಸಡಿಲಿಕೆ ಇದೆ. ಎರಡು ಅರ್ಜಿ ತರಿಸಿ.